ಮರಳಿದವರಿಗೆ ಚಪ್ಪಾಳೆ, ಉಳಿಸಿಕೊಂಡವರಿಗೆ?
ಬೆಲ್‌ಫಾಸ್ಟಿನ ಗಿಟಾರ್ ವಾದಕ ಗ್ಯಾರಿ ಮೂರ್ 1987ರ 'ವೈಲ್ಡ್ ಫ್ರಾಂಟಿಯರ್' ಆಲ್ಬಂನಲ್ಲಿ ಐರಿಷ್ ಜನಪದ ಧಾಟಿಯನ್ನು ರಾಕ್‌ಗೆ ಬೆರೆಸಿದ್ದರು. ಆಮೇಲೆ ಬ್ಲೂಸಿನತ್ತ ಹೊರಳಿದವರು 2010ರಲ್ಲಿ ವೇದಿಕೆಯ ಮೇಲೆ ಆ ಧಾಟಿಗೆ ಮರಳಿದರು, ಮರುವರ್ಷವೇ ತೀರಿಕೊಂಡರು. ನಮ್ಮಲ್ಲೂ ರಘು ದೀಕ್ಷಿತ್ 2008ರಲ್ಲಿ ಶಿಶುನಾಳ ಶರೀಫರ ಪದವನ್ನು ಗಿಟಾರಿಗೆ ಒಗ್ಗಿಸಿದಾಗ ನಗರ ತಲೆದೂಗಿತು. ಸಂತೋಷವೇ.

ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳ್ಳಿಗಳಲ್ಲಿ ಏಕತಾರಿ ಮೀಟಿ ತತ್ವಪದ ಹಾಡುವ ಹಿರಿಯರು ಬೇರು ಬಿಟ್ಟು ಹೋದವರೇ ಅಲ್ಲ. ಜಾತ್ರೆ, ಉರೂಸಿನಲ್ಲಿ ಆರ್ಕೆಸ್ಟ್ರಾಕ್ಕೆ ದುಡ್ಡು ಸುರಿದು ಇವರಿಗೆ ಬರೀ ಶಾಲು ಹೊದಿಸುವುದು ಯಾವ ನ್ಯಾಯ? ಗೋವಿಂದ ಭಟ್ಟರ ಶಿಷ್ಯ ಶರೀಫರನ್ನು 'ನಮ್ಮವರಲ್ಲ' ಎನ್ನುವ ಎರಡೂ ಕಡೆಯ ಮಡಿವಂತರ ಮಾತಿಗೆ ಸಂಘಟಕರು ಕಿವಿಗೊಡಬೇಕಿಲ್ಲ. ವರ್ಷಕ್ಕೊಂದು ರಾತ್ರಿಯನ್ನಾದರೂ ತತ್ವಪದಕ್ಕೆ ಬಿಡಿ, ಪೂರ್ತಿ ಸಂಭಾವನೆ ಕೊಡಿ. ಹಾಡುವವರೇ ಇಲ್ಲವಾದರೆ ನಾಳೆ ಮರಳುವುದಾದರೂ ಎಲ್ಲಿಗೆ?