ಮೊದಲು ಕೋಣೆ, ಬಳಿಕ ಪಾರಿತೋಷಕ

ರಗ್ಬಿಯೆಂದರೆ ಸಾಹೇಬರ ಆಟವೆಂದೇ ನಾವು ತಿಳಿದಿದ್ದೆವು. 1875ರಲ್ಲಿ ಸ್ಥಾಪನೆಯಾದ ಬಾಂಬೆ ಜಿಮಖಾನೆಯ ಬೇಲಿಯ ಹೊರಗೆ ನಿಂತು ಅದನ್ನು ನೋಡಿದವರೇ ನಮ್ಮಲ್ಲಿ ಹೆಚ್ಚು. ಇಂದು ನಮ್ಮ ಸಂಘದ ಮಕ್ಕಳೇ ಆ ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುತ್ತಿದ್ದಾರೆ. ಕಬಡ್ಡಿಯಲ್ಲಿ ಪಳಗಿದವರಿಗೆ ಎದುರಾಳಿಯ ಸೊಂಟ ಹಿಡಿದು ಕೆಡಹುವುದನ್ನು ಕಲಿಸಬೇಕಾಗಿಲ್ಲ. ಏಳು ಜನರ ರಗ್ಬಿಯು 2016ರ ರಿಯೋ ಒಲಿಂಪಿಕ್ಸ್‌ನಿಂದ ಗಂಡಸರಿಗೂ ಹೆಂಗಸರಿಗೂ ಒಲಿಂಪಿಕ್ ಆಟವಾಗಿದೆ.

ತಂಡ ಬೆಳೆಯಿತು, ಸೌಕರ್ಯ ಬೆಳೆಯಲಿಲ್ಲ. ಮೈದಾನದಲ್ಲಿ ಬಟ್ಟೆ ಬದಲಿಸಲು ಮರೆಯಿಲ್ಲ, ಶೌಚಾಲಯವಿಲ್ಲ, ಕುಡಿಯುವ ನೀರಿಲ್ಲ. ಹುಡುಗರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಹುಡುಗಿಯರು ಒಬ್ಬೊಬ್ಬರಾಗಿ ಬರುವುದನ್ನೇ ಬಿಡುತ್ತಿದ್ದಾರೆ. ಹೋಟೆಲಿನ ಪಾಳಿ ಮುಗಿಸಿ ಬರುವ ತರುಣರಿಗೆ ಕತ್ತಲೆಯೇ ಎದುರಾಳಿ.

ಕೂಡಿದ ವಂತಿಗೆಯಿಂದ ಪಂದ್ಯಾವಳಿ ನಡೆಸಿ ದೊಡ್ಡ ಪಾರಿತೋಷಕ ಇಡಬೇಕೆಂಬುದು ಕೆಲವರ ಸಲಹೆ. ಅವರ ಉತ್ಸಾಹವನ್ನು ನಾವು ಅಲ್ಲಗಳೆಯೆವು. ಆದರೆ ಹುಡುಗಿಯರನ್ನು ಕಳೆದುಕೊಂಡು ಇಡುವ ಪಾರಿತೋಷಕ ಯಾರಿಗೆ ಶೋಭೆ? ಆ ಹಣವನ್ನು ಮೊದಲು ಎರಡು ಕೋಣೆ, ಒಂದು ನಲ್ಲಿ, ನಾಲ್ಕು ದೀಪಗಳಿಗೆ ಮುಡಿಪಿಡೋಣ. ಮೈದಾನ ನಗರಪಾಲಿಕೆಯದು, ಅನುಮತಿಗಾಗಿ ಎಲ್ಲರ ಸಹಿಯೊಡನೆ ಮನವಿ ಸಲ್ಲಿಸೋಣ. ಗಿರಣಿಗಳಲ್ಲಿ ಫಿಟ್ಟರು, ವಯರ್‌ಮನ್‌ಗಳಾಗಿ ದುಡಿದ ಹಿರಿಯರು ನಮ್ಮಲ್ಲಿದ್ದಾರೆ. ಅವರು ಮುಂದೆ ನಿಂತು, ನಾವೆಲ್ಲ ಭಾನುವಾರದ ಶ್ರಮದಾನ ಮಾಡಿದರೆ ಕೂಲಿಯ ಖರ್ಚು ಬಹಳಷ್ಟು ಉಳಿದೀತು.

ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯ ದೀಪದಡಿ ಅಕ್ಷರ ಕಲಿತವರು ನಮ್ಮವರು. ಆ ದೀಪಕ್ಕೆ ಎಣ್ಣೆ ಎರೆದವರೂ ಕಾಸುಕಾಸು ಕೂಡಿಸಿದ ನಮ್ಮಂಥವರೇ. ಈ ಮೈದಾನದ ದೀಪ ಹಚ್ಚುವ ಸರದಿ ನಮ್ಮದು, ಬಂಧುಗಳೇ.