ಪೂಜಾಮದ: ನಮ್ಮ ಕಾಲದ ದೊಡ್ಡ ಪರಿಗ್ರಹ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸಿದ್ದಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಇವುಗಳಲ್ಲಿ ಯಾವುದನ್ನಾದರೂ ನೆಚ್ಚಿ ತನ್ನನ್ನು ತಾನು ಹಿರಿಯನೆಂದು ಬಗೆಯುವುದೇ ಮದ. ಅದು ಸಮ್ಯಗ್ದರ್ಶನಕ್ಕೆ ಅಂಟುವ ಮಲ. ಪಾಠಶಾಲೆಯ ಮಕ್ಕಳೂ ಈ ಪಟ್ಟಿಯನ್ನು ತಡೆಯಿಲ್ಲದೆ ಒಪ್ಪಿಸುತ್ತಾರೆ. ಆದರೆ ಎರಡನೆಯದಾದ ಪೂಜಾಮದದ ಅರ್ಥವನ್ನು ನಾವು ಎಷ್ಟು ಮಂದಿ ನಿಂತು ಯೋಚಿಸಿದ್ದೇವೆ? ಅದು ದೇವಪೂಜೆಗೆ ಸಂಬಂಧಿಸಿದ್ದಲ್ಲ. ಲೋಕವು ತನ್ನನ್ನು ಮನ್ನಿಸುತ್ತದೆ, ತನ್ನನ್ನು ಕಾಣಲು ಜನ ನೆರೆಯುತ್ತಾರೆ, ತನ್ನ ಹೆಸರು ನಾಲ್ಕು ಜನರ ಬಾಯಲ್ಲಿದೆ ಎಂಬುದರಿಂದ ಹುಟ್ಟುವ ಮದವದು. ಆಚಾರ್ಯರು ಕಳಂಕವೆಂದು ಎಣಿಸಿದ ಇದನ್ನೇ ಇಂದಿನ ಲೋಕವು ‘ಸೆಲೆಬ್ರಿಟಿ’ ಎಂಬ ಹೆಸರಿನಿಂದ ಪುರುಷಾರ್ಥದ ಪದವಿಗೆ ಏರಿಸಿದೆ. ಋದ್ಧಿಮದ ಅದಕ್ಕೆ ಬಂಡವಾಳ. ಶರೀರಮದ ಅದಕ್ಕೆ ಅಲಂಕಾರ. ಎಂಟರಲ್ಲಿ ಮೂರು ಮದಗಳು ಪಾಲುದಾರರಾಗಿ ನಡೆಸುತ್ತಿರುವ ಈ ಅಂಗಡಿಯಲ್ಲಿ ನಮ್ಮ ಸಮಾಜವೂ ಕಾಯಂ ಗಿರಾಕಿಯಾಗಿದೆ ಎಂಬುದೇ ಈ ಲೇಖನದ ಆಕ್ಷೇಪ.

ಕೀರ್ತಿ ಎಂಬುದು ಹಿಂದೆಯೂ ಇತ್ತು. ರನ್ನನು ಕಾವ್ಯ ಬರೆದು ಕೀರ್ತಿವಂತನಾದನು, ಚಾವುಂಡರಾಯನು ರಣದಲ್ಲಿಯೂ ಧರ್ಮದಲ್ಲಿಯೂ ಮಾಡಿದ ಕಾರ್ಯದಿಂದ ಕೀರ್ತಿವಂತನಾದನು. ಕಾರ್ಯವು ಮುಂದೆ, ಹೆಸರು ಅದರ ಹಿಂದೆ. ಈಗ ಈ ಕ್ರಮ ತಲೆಕೆಳಗಾಗಿದೆ. ಪ್ರಸಿದ್ಧನಾಗಿದ್ದಾನೆ ಎಂಬ ಕಾರಣಕ್ಕಾಗಿಯೇ ಪ್ರಸಿದ್ಧನಾಗಿರುವ ಹೊಸ ಬಗೆಯ ಮನುಷ್ಯನನ್ನು ಅಮೆರಿಕದ ಇತಿಹಾಸಕಾರ ಡೇನಿಯಲ್ ಬೂರ್‌ಸ್ಟಿನ್ 1960ರ ದಶಕದ ಆರಂಭದಲ್ಲಿಯೇ ಗುರುತಿಸಿದ್ದರು. 1979ರಲ್ಲಿ ಕ್ರಿಸ್ಟೋಫರ್ ಲ್ಯಾಶ್ ಎಂಬ ಅದೇ ದೇಶದ ಚಿಂತಕರು ಆತ್ಮರತಿಯೇ ತಮ್ಮ ನಾಡಿನ ಸಂಸ್ಕೃತಿಯಾಗಿದೆಯೆಂದು ಒಂದು ಗ್ರಂಥವನ್ನೇ ಬರೆದರು. ಆಗ ಅದು ದೂರದ ದೇಶದ ರೋಗವಾಗಿ ತೋರಿದ್ದೀತು. 2013ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ‘ಸೆಲ್ಫಿ’ ಎಂಬುದನ್ನು ವರ್ಷದ ಪದವೆಂದು ಸಾರುವ ಹೊತ್ತಿಗೆ ಆ ರೋಗ ನಮ್ಮ ಹಳ್ಳಿಯ ಜಾತ್ರೆಯನ್ನೂ ಹೊಕ್ಕಿತ್ತು.

ಧನ ಈ ವ್ಯಾಪಾರಕ್ಕೆ ಹೇಗೆ ಕೂಡಿಕೊಂಡಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 2016ರ ನವೆಂಬರ್‌ನಲ್ಲಿ ದೊಡ್ಡ ನೋಟುಗಳು ರದ್ದಾಗಿ ಜನಸಾಮಾನ್ಯರು ಎರಡು ಸಾವಿರ ರೂಪಾಯಿಗಾಗಿ ಬ್ಯಾಂಕಿನ ಬಾಗಿಲಲ್ಲಿ ಸಾಲುಗಟ್ಟಿದ್ದ ದಿನಗಳಲ್ಲಿಯೇ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾಜಿ ಸಚಿವರೊಬ್ಬರ ಮನೆಯ ಮದುವೆ ನಡೆಯಿತು. ಅದರ ಕರೆಯೋಲೆ ಕಾಗದದ್ದಾಗಿರಲಿಲ್ಲ. ಪೆಟ್ಟಿಗೆ ತೆರೆದರೆ ಪರದೆಯ ಮೇಲೆ ಮನೆಯವರೇ ಹಾಡಿ ಕರೆಯುತ್ತಿದ್ದರು. 2024ರಲ್ಲಿ ದೇಶದ ಅತ್ಯಂತ ಧನಿಕ ಕುಟುಂಬದ ಮದುವೆ ಮಾರ್ಚ್ ತಿಂಗಳ ಜಾಮ್‌ನಗರದ ಉತ್ಸವದಿಂದ ಜುಲೈ ತಿಂಗಳ ಮುಂಬಯಿಯ ಧಾರೆಯವರೆಗೆ ನಡೆಯಿತು. ಅವರ ಹಣ, ಅವರ ಇಚ್ಛೆ ಎಂದು ಸುಮ್ಮನಿರಬಹುದು. ಆದರೆ ಆ ತಿಂಗಳುಗಳಲ್ಲಿ ನಮ್ಮ ಮನೆಗಳಲ್ಲಿ ಊಟದ ಹೊತ್ತಿನ ಮಾತು ಯಾವುದಾಗಿತ್ತು? ಯಾರ ಕೊರಳಲ್ಲಿ ಯಾವ ಹಾರ, ಯಾವ ನಟ ಕುಣಿದ, ಯಾವ ಗಾಯಕಿ ಬಂದಳು ಎಂಬುದಲ್ಲವೇ? ನೋಡುವವನಿಲ್ಲದೆ ಆಡಂಬರವಿಲ್ಲ. ಮಾಡುವವನ ಕಷಾಯಕ್ಕೆ ಅನುಮೋದನೆ ಕೊಟ್ಟವನೂ ಆಸ್ರವದಲ್ಲಿ ಪಾಲುಗಾರನೇ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನು ನಮ್ಮ ಆಗಮ ಒಟ್ಟಿಗೆ ಇಟ್ಟಿರುವುದು ಕಾರಣವಿಲ್ಲದೆ ಅಲ್ಲ.

ಈ ಅನುಮೋದನೆ ಮನಸ್ಸಿನಲ್ಲಿಯೇ ನಿಂತರೂ ಒಂದು ಮಾತು. ಅದು ಸಾಲದ ಪುಸ್ತಕಕ್ಕೂ ಇಳಿಯುತ್ತದೆ. ಐನೂರು ಜನರಿಗೆ ಊಟ ಹಾಕಿ ಮಗಳನ್ನು ಧಾರೆಯೆರೆಯಬಲ್ಲ ಗೃಹಸ್ಥನು ಎರಡು ಸಾವಿರ ಜನರನ್ನು ಕರೆಯುತ್ತಾನೆ. ಹೂವಿನ ಮಂಟಪಕ್ಕೂ ಡ್ರೋನ್ ಕ್ಯಾಮೆರಾಕ್ಕೂ ಒಡವೆ ಅಡವಿಡುತ್ತಾನೆ. ಅಂಗಡಿಯ ಬಂಡವಾಳ ಮಂಟಪದಲ್ಲಿ ಕರಗಿ, ಬಡ್ಡಿ ಮಾತ್ರ ಮನೆಯಲ್ಲಿ ಉಳಿಯುತ್ತದೆ. ವ್ಯಾಪಾರಿಗಳೆಂದು ಹೆಸರಾದ ನಮ್ಮ ಕುಲದವರಿಗೆ ಈ ಲೆಕ್ಕ ತಿಳಿಯದೆ? ತಿಳಿದಿದೆ. ಆದರೂ ಮಾನಕಷಾಯದ ಮುಂದೆ ಲೆಕ್ಕವು ಸೋಲುತ್ತದೆ.

ಆತ್ಮರತಿಯೆಂಬುದು ಹಳೆಯ ಮಾನಕಷಾಯದ ಹೊಸ ಹೆಸರು ಮಾತ್ರವೇ ಎಂದು ಕೇಳಬಹುದು. ನನಗೆ ಅದು ಇನ್ನೂ ಒಂದು ಮೆಟ್ಟಿಲು ಕೆಳಗಿನದಾಗಿ ತೋರುತ್ತದೆ. ಪೂಜ್ಯಪಾದರು ಸಮಾಧಿಶತಕದಲ್ಲಿ ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂದು ಮೂರು ಬಗೆ ಹೇಳಿದ್ದಾರೆ. ಶರೀರವನ್ನೇ ತಾನೆಂದು ತಿಳಿದವನು ಬಹಿರಾತ್ಮ. ಇಂದಿನವನಾದರೋ ಶರೀರವನ್ನೂ ಬಿಟ್ಟು ಶರೀರದ ಛಾಯೆಯನ್ನು ತಾನೆಂದು ತಿಳಿದಿದ್ದಾನೆ. ಗೋಡೆಯ ಮೇಲಿನ ಚಿತ್ರ, ಫೋನಿನೊಳಗಿನ ಚಿತ್ರ, ಅದಕ್ಕೆ ಬಿದ್ದ ಮೆಚ್ಚುಗೆಗಳ ಎಣಿಕೆ ಇವು ಬಾಡಿದರೆ ತಾನೇ ಬಾಡುತ್ತಾನೆ. ದೇಹವನ್ನು ಆತ್ಮವೆಂದವನಿಗೆ ಭೇದವಿಜ್ಞಾನ ಹೇಳಲು ಒಂದು ಮಾತು ಸಾಕಿತ್ತು. ಚಿತ್ರವನ್ನು ಆತ್ಮವೆಂದವನಿಗೆ ಮೊದಲು ದೇಹದವರೆಗಾದರೂ ದಾರಿ ತೋರಿಸಬೇಕಾಗಿದೆ.

ಇಷ್ಟನ್ನು ಹೊರಗಿನವರ ಮೇಲೆ ಹೇಳಿ ಮುಗಿಸಿದರೆ ಪರನಿಂದೆಯಾದೀತು. ಆದುದರಿಂದ ನಮ್ಮ ಬಸದಿಯ ಬಾಗಿಲಿಗೆ ಬರೋಣ.

ಇಂದಿನ ಒಂದು ಪಂಚಕಲ್ಯಾಣದ ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಳ್ಳಿರಿ. ಮೇಲ್ಗಡೆ ಅಂಚೆಚೀಟಿಯಷ್ಟು ಜಿನಬಿಂಬ. ಕೆಳಗೆ ಪುಟದ ತುಂಬ ದಾನಿಗಳ ಭಾವಚಿತ್ರಗಳು. ಸೌಧರ್ಮೇಂದ್ರನ ಪಾತ್ರ, ಕುಬೇರನ ಪಾತ್ರ, ತೀರ್ಥಂಕರರ ತಂದೆತಾಯಿಗಳ ಪಾತ್ರ ಸವಾಲಿನಲ್ಲಿ ಹೆಚ್ಚು ಕೂಗಿದವರಿಗೆ ಸಲ್ಲುತ್ತವೆ. ವ್ರತನಿಯಮವುಳ್ಳ ಶ್ರಾವಕನು ಮಂಟಪದ ಹಿಂಬದಿಯಲ್ಲಿ ಕುಳಿತು ಕೈಮುಗಿಯುತ್ತಾನೆ. ದಶಲಕ್ಷಣ ಪರ್ವದ ಎರಡನೆಯ ದಿನ ಉತ್ತಮ ಮಾರ್ದವ. ಮಾನವನ್ನು ಗೆಲ್ಲಬೇಕೆಂದು ಅಂದು ಒಂದು ಗಂಟೆ ಪ್ರವಚನ ನಡೆಯುತ್ತದೆ. ಪ್ರವಚನ ಮುಗಿದ ಮರುಕ್ಷಣ ಅದೇ ವೇದಿಕೆಯಲ್ಲಿ ಅರ್ಧ ಗಂಟೆ ಶಾಲು, ಹಾರ, ಫಲಕಗಳ ಸನ್ಮಾನ ನಡೆಯುತ್ತದೆ. ಮುನಿಗಳ ವಿಹಾರದ ಮಾರ್ಗದಲ್ಲಿ ಕಟ್ಟಿದ ಫ್ಲೆಕ್ಸ್‌ಗಳಲ್ಲಿ ದಿಗಂಬರ ಮುನಿಯ ಪಕ್ಕದಲ್ಲಿ ಬಂಗಾರದ ಸರ ಧರಿಸಿದ ಗೃಹಸ್ಥನು ನಗುತ್ತಾನೆ. ಎಲ್ಲವನ್ನೂ ಬಿಟ್ಟವನ ನೆರಳಿನಲ್ಲಿ ಏನನ್ನೂ ಬಿಡದವನ ಜಾಹೀರಾತು! ದೀಕ್ಷೆಯ ವಾರ್ತೆಯೂ ಈ ಗಾಳಿಯಿಂದ ಪಾರಾಗಿಲ್ಲ. ಬಿಟ್ಟವನ ವೈರಾಗ್ಯಕ್ಕಿಂತ ಅವನು ಬಿಟ್ಟ ಕೋಟಿಗಳ ಸಂಖ್ಯೆಯೇ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ.

ಇದಕ್ಕೆ ಟ್ರಸ್ಟುಗಳ ಹಿರಿಯರು ಕೊಡುವ ಉತ್ತರಗಳು ಮೂರು. ಅವು ಹಗುರವಾದವುಗಳಲ್ಲ. ಆದುದರಿಂದ ಒಂದೊಂದನ್ನಾಗಿ ನೋಡೋಣ.

ಮೊದಲನೆಯದು: ಸವಾಲಿನಿಂದ ಹಣ ಬರುತ್ತದೆ, ಹಣದಿಂದ ಒಳ್ಳೆಯ ಕೆಲಸ ನಡೆಯುತ್ತದೆ. ಇದು ನಿಜವೇ. 2018ರ ಮಹಾಮಸ್ತಕಾಭಿಷೇಕದಲ್ಲಿ ಶ್ರವಣಬೆಳಗೊಳದ ಮೊದಲ ಕಲಶಕ್ಕೆ ಹನ್ನೊಂದು ಕೋಟಿ ರೂಪಾಯಿಗೂ ಮಿಕ್ಕಿ ಸಂದಿತೆಂದೂ, ಅದು ಆಸ್ಪತ್ರೆಯ ಕಾರ್ಯಕ್ಕೆ ಮೀಸಲೆಂದೂ ವರದಿಯಾಯಿತು. ರೋಗಿಗೆ ಔಷಧ ದೊರೆತರೆ ಅದನ್ನು ಹಳಿಯುವವನು ನಾನಲ್ಲ. ಆದರೆ ದಾನವೆಂಬ ಪದವನ್ನು ಎಚ್ಚರದಿಂದ ಬಳಸೋಣ. ಸ್ವಪರರ ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು ದಾನವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ದಾತೃವಿನ ಏಳು ಗುಣಗಳನ್ನು ಎಣಿಸುವಾಗ ಅಮೃತಚಂದ್ರಾಚಾರ್ಯರು ಈ ಲೋಕದ ಫಲವನ್ನು ಬಯಸದಿರುವುದರಿಂದ ಆರಂಭಿಸಿ ನಿರಹಂಕಾರದಲ್ಲಿ ಮುಗಿಸುತ್ತಾರೆ. ಲೆಕ್ಕ ಬರೆಯುವವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಹಣ ಹೊರಗೆ ಹೋಗಿ, ಅದಕ್ಕೆ ಪ್ರತಿಯಾಗಿ ಹೆಸರು ಒಳಗೆ ಬಂದರೆ ಅದು ಖರೀದಿ. ಅದನ್ನು ದಾನದ ಖಾತೆಗೆ ಬರೆಯುವುದು ತಪ್ಪು ಜಮಾಖರ್ಚು. ಊರಿನ ಆಸ್ಪತ್ರೆಗೆ ಲಾಭವಾದೀತು. ಕೊಟ್ಟವನ ಆತ್ಮಕ್ಕೆ ಏನು ಜಮೆಯಾಯಿತು? ಟ್ರಸ್ಟು ಬರಿಯ ಹಣ ಕೂಡಿಸುವ ಸಂಸ್ಥೆಯಾಗಿದ್ದರೆ ಈ ಪ್ರಶ್ನೆ ಬೇಕಿರಲಿಲ್ಲ. ಅದು ಧರ್ಮಸಂಸ್ಥೆಯಾದುದರಿಂದ ಕೊಡುವವನ ಪರಿಣಾಮಶುದ್ಧಿಯೂ ಅದರ ಹೊಣೆಯೇ.

ಎರಡನೆಯದು: ನಮ್ಮ ಪೂರ್ವಿಕರೂ ಶಾಸನ ಹಾಕಿಸಿದರಲ್ಲವೇ? ಹಾಕಿಸಿದರು. ಆದರೆ ಆ ದಾನಶಾಸನಗಳನ್ನು ಓದಿ ನೋಡಿರಿ. ಯಾವ ಭೂಮಿ, ಅದರ ಎಲ್ಲೆ ಯಾವುದು, ಯಾವ ಬಸದಿಯ ಯಾವ ಪೂಜೆಗೆ, ಯಾವ ಮುನಿಗಳ ಆಹಾರದಾನಕ್ಕೆ, ಅದನ್ನು ಅಪಹರಿಸಿದವನಿಗೆ ಯಾವ ಪಾಪ ಎಂಬುದೇ ಅವುಗಳ ತಿರುಳು. ಪ್ರಶಸ್ತಿಯ ಮಾತುಗಳೂ ಇವೆ, ಇಲ್ಲವೆನ್ನಲಾಗದು. ಆದರೂ ಅಲ್ಲಿ ದತ್ತಿಯನ್ನು ಕಾಯಲು ಹೆಸರು ಬೇಕಾಗಿತ್ತು; ಇಲ್ಲಿ ಹೆಸರನ್ನು ಕಾಯಲು ದತ್ತಿ ಬೇಕಾಗಿದೆ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆಕೆಯನ್ನು ನಾವು ದಾನಚಿಂತಾಮಣಿಯೆಂದು ನೆನೆಯುವುದು ಆ ಶಾಸ್ತ್ರದಾನದಿಂದ. ಚಂದ್ರಗಿರಿಯ ಅತ್ಯಂತ ಪ್ರಾಚೀನ ಶಾಸನವನ್ನೂ ಸ್ಮರಿಸಿರಿ. ಸುಮಾರು ಕ್ರಿ.ಶ. 600ರ ಆ ಬರಹವು ಪ್ರಭಾಚಂದ್ರರ ಸಮಾಧಿಯನ್ನು ಹೇಳಿ, ಕ್ರಮೇಣ ಏಳುನೂರು ಋಷಿಗಳು ಅಲ್ಲಿ ಆರಾಧನೆಯನ್ನು ಪೂರೈಸಿದರೆಂದು ತಿಳಿಸುತ್ತದೆ. ಆ ಏಳುನೂರು ಮಂದಿಯ ಹೆಸರುಗಳು ಅಲ್ಲಿ ಇಲ್ಲ. ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳನ್ನು ತಲೆಮಾರುಗಳ ಕಾಲ ಹುಳುವಿನಿಂದಲೂ ತೇವದಿಂದಲೂ ಕಾಪಾಡಿದ ಕೈಗಳಿಗೆ ಯಾವ ಫಲಕವಿದೆ?

ಮೂರನೆಯದು: ಗುಪ್ತದಾನಕ್ಕೆ ಕಾನೂನು ಅಡ್ಡಿ ಎಂಬ ಮಾತು. ಇದು ಅರ್ಧಸತ್ಯ. 2006ರ ಹಣಕಾಸು ಕಾಯಿದೆಯಿಂದ ಬಂದ ತೆರಿಗೆ ನಿಯಮವು, ದಾನಿಯ ಹೆಸರು ವಿಳಾಸಗಳ ದಾಖಲೆಯನ್ನೇ ಇಡದೆ ಸಂಸ್ಥೆಯು ಪಡೆದ ದೇಣಿಗೆಯ ಮೇಲೆ ತೆರಿಗೆ ವಿಧಿಸಿತು. ಕೇವಲ ಧಾರ್ಮಿಕ ಉದ್ದೇಶದ ಟ್ರಸ್ಟುಗಳನ್ನು ಅದರಿಂದ ಹೊರಗಿಟ್ಟಿತು. ಅಂದರೆ ಕಾನೂನು ಕೇಳಿದ್ದು ಹೆಸರು ಲೆಕ್ಕದ ಪುಸ್ತಕದಲ್ಲಿರಲಿ ಎಂದು. ಗರ್ಭಗೃಹದ ಹೊಸ್ತಿಲ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ಕುಡಿಯುವ ನೀರಿನ ತೊಟ್ಟಿಯ ಮೇಲೆ ಇರಲಿ ಎಂದು ಯಾವ ಕಾಯಿದೆಯೂ ಕೇಳಿಲ್ಲ.

ನಮ್ಮ ಪುರಾಣಗಳು ಈ ರೋಗವನ್ನು ಬಹು ಹಿಂದೆಯೇ ಕಂಡಿದ್ದವು. ಷಟ್ಖಂಡವನ್ನು ಗೆದ್ದ ಭರತ ಚಕ್ರವರ್ತಿಯು ವೃಷಭಾಚಲದ ಮೇಲೆ ತನ್ನ ವಿಜಯವನ್ನು ಕೆತ್ತಿಸಲು ಹೋದನು. ತನ್ನಂಥವನು ತಾನೊಬ್ಬನೇ ಎಂಬುದು ಅವನ ಎಣಿಕೆ. ಹೋಗಿ ನೋಡಿದರೆ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟ ತುಂಬಿಹೋಗಿತ್ತು. ಒಂದು ಸಾಲಿಗೂ ಎಡೆಯಿರಲಿಲ್ಲ. ಅವನ ಗರ್ವ ಮುರಿಯಿತು. ಆದರೂ ಒಬ್ಬನ ಹೆಸರನ್ನು ಅಳಿಸಿಯೇ ತನ್ನದನ್ನು ಬರೆಸಿದನೆಂಬುದನ್ನು ಜಿನಸೇನಾಚಾರ್ಯರೂ ಪಂಪನೂ ಮರೆಮಾಚಲಿಲ್ಲ. ಹಳೆಯ ಬಸದಿಯ ಜೀರ್ಣೋದ್ಧಾರವೆಂದು ಹಿಂದಿನವರ ಕಲ್ಲನ್ನು ಕಿತ್ತು ಹೊಸ ಗ್ರಾನೈಟ್ ಫಲಕವನ್ನು ಕೂರಿಸುವಾಗ ನಾವು ಭರತನ ಗರ್ವವನ್ನಲ್ಲದೆ ಗರ್ವಭಂಗವನ್ನು ಅನುಸರಿಸುತ್ತಿಲ್ಲ.

ಗುಳ್ಳಕಾಯಜ್ಜಿಯ ಕಥೆಯನ್ನು ತಿಳಿಯದ ಜೈನನಿಲ್ಲ. ಬಿಂಬವನ್ನು ಮಾಡಿಸಿದ ಚಾವುಂಡರಾಯನೇ ನಿಂತು ಮಾಡಿಸಿದ ಕ್ಷೀರಾಭಿಷೇಕ ತೊಡೆಯಿಂದ ಕೆಳಗಿಳಿಯಲಿಲ್ಲ. ಮುದುಕಿಯ ಗುಳ್ಳಕಾಯಿಯ ಹಿಡಿಹಾಲು ಪಾದದವರೆಗೆ ಹರಿದು ಬೆಟ್ಟವನ್ನೇ ತೋಯಿಸಿತೆಂದು ಐತಿಹ್ಯ. ಗೊಮ್ಮಟನ ಎದುರಿನಲ್ಲಿ ಆ ಅಜ್ಜಿಯ ಪ್ರತಿಮೆಯನ್ನು ನಿಲ್ಲಿಸಿದ್ದೇವೆ. ಅವಳಿಗೆ ಕೈಮುಗಿದು ಒಳಗೆ ಹೋಗಿ ಸವಾಲು ಕೂಗುತ್ತೇವೆ. ಇಂದು ಅವಳು ಬಂದರೆ ಯಾವ ಸಾಲಿನ ಪಾಸು ಅವಳಿಗೆ ದೊರೆತೀತು?

ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಆಮಂತ್ರಣ ಪತ್ರಿಕೆಯಲ್ಲಿ ಜಿನಬಿಂಬವಲ್ಲದೆ ಬೇರೆ ಯಾರ ಚಿತ್ರವೂ ಬೇಡ. ದಾನಿಗಳ ಹೆಸರುಗಳು ಲೆಕ್ಕ ಪರಿಶೋಧಿತ ವಾರ್ಷಿಕ ವರದಿಯಲ್ಲಿ ಅಕಾರಾದಿಯಾಗಿ ಬರಲಿ. ಒಂದು ನೂರು ಕೊಟ್ಟವನೂ ಒಂದು ಕೋಟಿ ಕೊಟ್ಟವನೂ ಒಂದೇ ಅಳತೆಯ ಅಕ್ಷರದಲ್ಲಿರಲಿ. ಸವಾಲನ್ನು ಒಮ್ಮೆಗೇ ಬಿಡಲಾಗದಿದ್ದರೆ ಕಲಶಗಳಲ್ಲಿ ಅರ್ಧವನ್ನಾದರೂ ಅಣುವ್ರತ ಪಾಲಿಸುವವರಿಗೆ ಮೀಸಲಿಟ್ಟು ಚೀಟಿ ಎತ್ತಿ ಕೊಡಿರಿ. ಅಭಿಷೇಕದ ಹೊತ್ತಿನಲ್ಲಿ ಫೋನುಗಳು ಬಾಗಿಲ ಹೊರಗೆ ಉಳಿಯಲಿ. ದಶಲಕ್ಷಣದ ಹತ್ತು ದಿನ ವೇದಿಕೆಯ ಮೇಲೆ ಯಾರಿಗೂ ಸನ್ಮಾನ ಬೇಡ.

ಇನ್ನು ಗೃಹಸ್ಥರು: ಭೋಗೋಪಭೋಗ ಪರಿಮಾಣವನ್ನು ತರಕಾರಿಗೆ ಮಾತ್ರ ಅನ್ವಯಿಸಿದರೆ ಸಾಲದು. ಮದುವೆಗೆ ಇಷ್ಟು ಜನ, ಇಷ್ಟು ವೆಚ್ಚ ಎಂದು ಮೊದಲೇ ಪರಿಮಾಣ ಮಾಡಿಕೊಳ್ಳಿರಿ. ವರ್ಷಕ್ಕೆ ಒಂದು ದಾನವನ್ನಾದರೂ ಮನೆಯವರಿಗೂ ತಿಳಿಯದಂತೆ ಮಾಡಿರಿ. ಗಡ್ಡೆಗೆಣಸನ್ನು ಬಿಟ್ಟು ಬಾಳುವುದನ್ನು ಕಲಿತಿರುವ ನಮಗೆ ಫಲಕವನ್ನು ಬಿಟ್ಟು ಬಾಳುವುದು ಅಸಾಧ್ಯವೇನಲ್ಲ. ಅಂತರಂಗ ಪರಿಗ್ರಹಗಳು ಹದಿನಾಲ್ಕು, ಅವುಗಳಲ್ಲಿ ಮಾನವೂ ಒಂದು. ಹೊರಗಿನ ಹತ್ತನ್ನು ಕೊಟ್ಟು ಒಳಗಿನ ಈ ಒಂದನ್ನು ಕೊಂಡುಕೊಳ್ಳುವ ವ್ಯಾಪಾರದಲ್ಲಿ ನಷ್ಟ ನಮ್ಮದೇ. ಬರುವ ಉತ್ತಮ ಮಾರ್ದವದ ದಿನಕ್ಕೆ ಮುಂಚೆ ಪ್ರತಿಯೊಂದು ಟ್ರಸ್ಟಿನ ಸಭೆಯಲ್ಲಿಯೂ ಈ ವಿಷಯ ಚರ್ಚೆಗೆ ಬರಲೆಂದು ಪ್ರಾರ್ಥಿಸುತ್ತೇನೆ.