ಬಾಡಿಗೆ ಮನೆಯ ಪವರ್ ಪ್ಲಗ್: ತಂತಿ ಮಾಲೀಕನದು, ಅಪಾಯ ಯಾರದು?

ಅನಿಲದ ಬದಲು ವಿದ್ಯುತ್ತಿನಿಂದ ಅಡುಗೆ ಮಾಡಿ ಎಂಬ ಕರೆ ಕೆಲವು ವರ್ಷಗಳಿಂದ ಸರ್ಕಾರದ ಕಡೆಯಿಂದಲೇ ಕೇಳಿಬರುತ್ತಿದೆ. ಸಾರ್ವಜನಿಕ ವಲಯದ ಎನರ್ಜಿ ಎಫಿಷಿಯೆನ್ಸಿ ಸರ್ವಿಸಸ್ ಲಿಮಿಟೆಡ್ ಸಂಸ್ಥೆಯು 2023ರ ನವೆಂಬರ್‌ನಲ್ಲಿ ದೇಶದಾದ್ಯಂತ 20 ಲಕ್ಷ ಇಂಡಕ್ಷನ್ ಒಲೆಗಳನ್ನು ಬಳಕೆಗೆ ತರುವ ಕಾರ್ಯಕ್ರಮವನ್ನು ಪ್ರಕಟಿಸಿತು. ಅದೇ ವರ್ಷ ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದು, ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿದ ಮಿತಿಯೊಳಗೆ, ತಿಂಗಳಿಗೆ ಗರಿಷ್ಠ 200 ಯೂನಿಟ್ ವಿದ್ಯುತ್ ಬಾಡಿಗೆದಾರರಿಗೂ ಉಚಿತವಾಯಿತು. ಒಲೆ ಬಂತು, ಕರೆಂಟೂ ಬಂತು. ಆದರೆ ಒಲೆಯ ಪ್ಲಗ್ಗು ಬಾಡಿಗೆ ಮನೆಯ ಅಡುಗೆಕೋಣೆಯ ಸಾಕೆಟ್ಟಿನೊಳಗೆ ಹೋಗಬೇಕಲ್ಲ? ಅಲ್ಲಿಯೇ ಇರುವುದು ತೊಡಕು.

ನಮ್ಮ ಹೆಚ್ಚಿನ ಬಾಡಿಗೆ ಮನೆಗಳು ಕಟ್ಟಲ್ಪಟ್ಟದ್ದು ಗ್ಯಾಸ್ ಒಲೆ, ಮಿಕ್ಸಿ ಹಾಗೂ ಒಂದು ಗ್ರೈಂಡರನ್ನು ಲೆಕ್ಕದಲ್ಲಿಟ್ಟುಕೊಂಡು. ಅಡುಗೆ ಕಟ್ಟೆಯ ಮೇಲೆ ಮಿಕ್ಸಿಗಾಗಿ ಒಂದು ಚಿಕ್ಕ ಸಾಕೆಟ್ ಇರುತ್ತದೆ. ದೊಡ್ಡ ಸಾಕೆಟ್ ಇದ್ದರೆ ಅದು ಫ್ರಿಜ್ಜಿನ ಹಿಂಬದಿಯಲ್ಲೋ ಬಾಗಿಲ ಸಂದಿಯಲ್ಲೋ ಸಿಂಕಿನ ಪಕ್ಕದಲ್ಲೋ ಇರುತ್ತದೆ. ಒಲೆಯ ವೈರು ಅಲ್ಲಿಯವರೆಗೆ ಎಟುಕದು. ಎಟುಕುವ ಸಾಕೆಟ್ಟಿಗೆ ಪ್ಲಗ್ಗು ಹಿಡಿಸದು.

ಜನರ ಮಾತಿನಲ್ಲಿ ಇದು "ಹೈ ವೋಲ್ಟೇಜ್ ಪ್ಲಗ್". ವಾಸ್ತವದಲ್ಲಿ ಚಿಕ್ಕ ಸಾಕೆಟ್ಟಿಗೂ ದೊಡ್ಡ ಸಾಕೆಟ್ಟಿಗೂ ವೋಲ್ಟೇಜಿನಲ್ಲಿ ಭೇದವೇ ಇಲ್ಲ. ಎರಡರಲ್ಲೂ ಬರುವುದು 230 ವೋಲ್ಟ್. ಭೇದ ಇರುವುದು ಅವು ತಾಳಿಕೊಳ್ಳಬಲ್ಲ ಪ್ರವಾಹದಲ್ಲಿ. ಚಿಕ್ಕದರ ಸಾಮರ್ಥ್ಯ 6 ಆಂಪಿಯರ್, ದೊಡ್ಡದರದು 16. ಅಂದರೆ ಚಿಕ್ಕ ಸಾಕೆಟ್ಟಿನಿಂದ ಪಡೆಯಬಹುದಾದದ್ದು ಹೆಚ್ಚೆಂದರೆ 1,380 ವಾಟ್. 750 ವಾಟ್‌ನ ಮಿಕ್ಸಿಗೆ ಅದು ಧಾರಾಳ. 2,000 ವಾಟ್‌ನ ಇಂಡಕ್ಷನ್ ಒಲೆಯಾದರೋ ಸುಮಾರು 8.7 ಆಂಪಿಯರ್ ಎಳೆಯುತ್ತದೆ.

ಈ ಜೋಡಿಯ ಮೂಲ ಬ್ರಿಟನ್ನಿನದು. ಚಿಕ್ಕ ಪ್ಲಗ್ಗಿನ ಕಡ್ಡಿಗಳು ಸುಮಾರು 5 ಮಿಲಿಮೀಟರ್ ದಪ್ಪ, ದೊಡ್ಡದರವು ಸುಮಾರು 7 ಮಿಲಿಮೀಟರ್. ಹೆಚ್ಚು ಹೊರೆಯ ಉಪಕರಣ ಕಡಿಮೆ ಸಾಮರ್ಥ್ಯದ ಸಾಕೆಟ್ಟಿಗೆ ಹೋಗದಂತೆ ತಡೆಯುವುದೂ ಈ ಅಳತೆಯ ವ್ಯತ್ಯಾಸದಿಂದ ಸಾಧ್ಯವಾಗುತ್ತದೆ. ಬ್ರಿಟನ್ 1947ರಲ್ಲಿ ಹೊಸ ಮಾನಕವೊಂದನ್ನು ಹೊರಡಿಸಿ, ಪ್ಲಗ್ಗಿನೊಳಗೇ ಫ್ಯೂಸ್ ಇರುವ ಚೌಕ ಕಡ್ಡಿಯ ಪ್ಲಗ್ಗಿಗೆ ಬದಲಾಯಿತು. ಭಾರತ ಹಳೆಯ ದುಂಡು ಕಡ್ಡಿಯ ಪದ್ಧತಿಯನ್ನೇ ಮುಂದುವರಿಸಿತು. ನಮ್ಮ ಪ್ಲಗ್ಗಿನಲ್ಲಿ ಫ್ಯೂಸ್ ಇಲ್ಲ. ಹೀಗಾಗಿ ಪ್ಲಗ್ಗು ಸಾಕೆಟ್ಟಿಗೆ ಹಿಡಿಸದಿರುವುದೇ ನಮ್ಮಲ್ಲಿ ಮೊದಲ ರಕ್ಷಣೆ.

ಆ ರಕ್ಷಣೆಯನ್ನು ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಒಂದು ಕನ್ವರ್ಟರ್ ತೆಗೆದುಹಾಕುತ್ತದೆ. ಒಂದು ಬದಿಯಲ್ಲಿ ದೊಡ್ಡ ರಂಧ್ರ, ಇನ್ನೊಂದು ಬದಿಯಲ್ಲಿ ಸಣ್ಣ ಕಡ್ಡಿ. ಒಲೆ ಹೊತ್ತಿಕೊಳ್ಳುತ್ತದೆ, ಹಾಲು ಉಕ್ಕುತ್ತದೆ, ಸಮಸ್ಯೆ ಬಗೆಹರಿದಂತೆ ತೋರುತ್ತದೆ. ಆದರೆ ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 6 ಆಂಪಿಯರ್ ಹರಿಯಬೇಕಾದಲ್ಲಿ 8.7 ಹರಿದರೆ ಶಾಖ ಎರಡು ಪಟ್ಟು ದಾಟುತ್ತದೆ. ಹಳೆಯ ಸಾಕೆಟ್ಟಿನ ಹಿತ್ತಾಳೆ ಎಲೆಗಳು ಸಡಿಲವಾಗಿದ್ದರಂತೂ ಆ ಸಂಪರ್ಕದ ಜಾಗವೇ ಒಂದು ಸಣ್ಣ ಒಲೆಯಾಗುತ್ತದೆ.

ಆಗ ಎಂ.ಸಿ.ಬಿ. ಕಾಪಾಡುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಆ ಮಾರ್ಗದ ಎಂ.ಸಿ.ಬಿ. 10 ಅಥವಾ 16 ಆಂಪಿಯರಿನದಾಗಿದ್ದರೆ 8.7 ಆಂಪಿಯರ್ ಅದರ ದೃಷ್ಟಿಯಲ್ಲಿ ತಪ್ಪೇ ಅಲ್ಲ. ಸಾಕೆಟ್ ಕರಗುತ್ತಿದ್ದರೂ ಅದು ಸುಮ್ಮನಿರುತ್ತದೆ. ಹಳೆಯ ಮನೆಗಳಲ್ಲಿ ಫ್ಯೂಸಿಗೆ ದಪ್ಪ ತಂತಿ ಸುತ್ತಿಟ್ಟಿದ್ದರೆ ಕೇಳುವುದೇ ಬೇಡ. ಇನ್ನು ಎರಡೇ ಕಡ್ಡಿಯ ಕನ್ವರ್ಟರ್ ಬಳಸಿದರೆ ಅರ್ತಿಂಗ್ ಸಂಪರ್ಕವೂ ತಪ್ಪಿಹೋಗುತ್ತದೆ. ಮೂರನೆಯ ಕಡ್ಡಿಯನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದು ಅದು ಎಲ್ಲಕ್ಕಿಂತ ಮೊದಲು ತಾಗಲಿ, ಕಡೆಯಲ್ಲಿ ಬಿಡಲಿ ಎಂದು. ನೀರು, ಉಕ್ಕಿನ ಪಾತ್ರೆ, ಒದ್ದೆ ಕೈ ಇವೆಲ್ಲ ಒಟ್ಟಿಗಿರುವ ಅಡುಗೆಮನೆಯಲ್ಲಿ ಅದನ್ನು ಕೈಬಿಡುವುದು ಪ್ರಾಣದೊಡನೆ ಆಡಿದಂತೆ.

ಇದಕ್ಕಿಂತ ಮೋಸಕರವಾದ ಇನ್ನೊಂದು ಪರಿಹಾರವಿದೆ. ಒತ್ತಾಯಕ್ಕೆ ಮಣಿದ ಮನೆಮಾಲೀಕ ಚಿಕ್ಕ ಸಾಕೆಟ್ ಕಿತ್ತು, ಅದೇ ಜಾಗದಲ್ಲಿ 16 ಆಂಪಿಯರಿನ ಹೊಸ ಸಾಕೆಟ್ ಕೂರಿಸಿ ಕೊಡುತ್ತಾನೆ. ಮುಖ ಹೊಸದು, ಹಿಂದಿನ ತಂತಿ ದೀಪ ಮತ್ತು ಫ್ಯಾನಿಗೆಂದು ಎಳೆದ ಅದೇ ಸಣ್ಣ ತಂತಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಆದರೆ ಹಾಸಿಗೆಯ ಉದ್ದ ಗೋಡೆಯೊಳಗೆ ಅಡಗಿರುವುದರಿಂದ ಬಾಡಿಗೆದಾರನಿಗೆ ಅದು ಕಾಣಿಸದು.

ಪ್ರಶ್ನೆ ಕೇವಲ ತಾಂತ್ರಿಕವಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿಯಲ್ಲಿ ದುರಸ್ತಿಯ ಹೊಣೆಯನ್ನು ಹಂಚಲಾಗಿದೆ. ಒಪ್ಪಂದದಲ್ಲಿ ಬೇರೆ ರೀತಿ ಹೇಳದಿದ್ದರೆ, ಒಳಗಿನ ಹಾಗೂ ಹೊರಗಿನ ವಿದ್ಯುತ್ ತಂತಿ ಮಾಲೀಕನ ಪಾಲು. ಸ್ವಿಚ್ಚು ಮತ್ತು ಸಾಕೆಟ್ಟಿನ ದುರಸ್ತಿ ಬಾಡಿಗೆದಾರನ ಪಾಲು. ರಾಜ್ಯಗಳು ಅಳವಡಿಸಿಕೊಂಡಲ್ಲಿ ಮಾತ್ರ ಇದಕ್ಕೆ ಕಾನೂನಿನ ಬಲ. ಆದರೂ ರೂಢಿಯಲ್ಲಿರುವ ಮನೋಭಾವವನ್ನು ಇದು ಸರಿಯಾಗಿಯೇ ಪ್ರತಿಬಿಂಬಿಸುತ್ತದೆ. ಸಾಕೆಟ್ಟಿಗೂ ತಂತಿಗೂ ನಡುವೆ ಬೇರೆ ಬೇರೆ ಯಜಮಾನರು. ಬೆಂಕಿ ಹುಟ್ಟುವುದು ಮಾತ್ರ ಅವೆರಡೂ ಕೂಡುವ ಜಾಗದಲ್ಲಿ. ಹನ್ನೊಂದು ತಿಂಗಳ ಕರಾರಿನ ಮೇಲೆ ಬಂದವನು ಪರರ ಗೋಡೆಗೆ ಹಣ ಸುರಿಯಲಾರ. ಗ್ಯಾಸ್ ಇರುವಾಗ ಇದೇಕೆ ಎಂಬುದು ಮಾಲೀಕನ ವಾದ. ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯೇ. ಆದುದರಿಂದಲೇ ಕನ್ವರ್ಟರಿನ ವ್ಯಾಪಾರ ನಿಂತಿಲ್ಲ.

ನಿಜವಾದ ಪರಿಹಾರ ದುಸ್ಸಾಧ್ಯವೇನಲ್ಲ. ಮೀಟರ್ ಬಳಿಯ ಹಲಗೆಯಿಂದ ಅಡುಗೆ ಕಟ್ಟೆಯವರೆಗೆ 2.5 ಅಥವಾ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಪ್ರತ್ಯೇಕವಾಗಿ ಎಳೆದು, ಅದಕ್ಕೆಂದೇ ಎಂ.ಸಿ.ಬಿ. ಕೂರಿಸಿ, ಅರ್ತಿಂಗ್ ಪರೀಕ್ಷಿಸಿ, 16 ಆಂಪಿಯರ್ ಸಾಕೆಟ್ ಹಾಕುವುದು. 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್.ಸಿ.ಸಿ.ಬಿ. ಇದ್ದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಪಟ್ಟಿಯೊಳಗೆ ತಂತಿಯನ್ನು ಹೊರಗೋಡೆಯ ಮೇಲೆಯೇ ಹಾಯಿಸಿದರೆ ಗೋಡೆ ಒಡೆಯುವ ಪ್ರಮೇಯವೂ ಇಲ್ಲ. ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಉಳ್ಳ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮನೆಯ ಮಂಜೂರಾದ ಹೊರೆ ಸಾಲುವುದೇ ಎಂಬುದನ್ನೂ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ಚಿಕ್ಕ ಸಾಕೆಟ್ಟಿಗೆ ಹಿಡಿಸುವ, 1,300 ವಾಟ್ ಮೀರದ ಉಪಕರಣದಲ್ಲೇ ತೃಪ್ತರಾಗುವುದು ಕ್ಷೇಮ.

ಮನೆ ನೋಡಲು ಹೋದಾಗ ನೀರು, ಗಾಳಿ, ವಾಸ್ತುವನ್ನು ವಿಚಾರಿಸುವ ನಾವು ಅಡುಗೆಮನೆಯ ಸಾಕೆಟ್ಟಿನ ಹಿಂದಿನ ತಂತಿ ಎಷ್ಟರದೆಂದು ಕೇಳುವುದಿಲ್ಲ. ಮುಂಗಡ ಕೊಡುವ ಮುನ್ನವೇ ಅದನ್ನು ಕೇಳಿ, ವೆಚ್ಚ ಯಾರದೆಂದು ಕರಾರಿನಲ್ಲಿ ಬರೆಸುವುದು ಒಳಿತು. ಸರ್ಕಾರವೂ ಅಷ್ಟೇ. ಲಕ್ಷಗಟ್ಟಲೆ ಒಲೆಗಳನ್ನು ಮನೆಮನೆಗೆ ತಲಪಿಸುವ ಕಾರ್ಯಕ್ರಮದ ಜತೆಗೆ, ಬಾಡಿಗೆ ಮನೆಗಳ ತಂತಿ ಬದಲಿಸುವ ಮಾಲೀಕರಿಗೆ ಒಂದಿಷ್ಟು ನೆರವನ್ನೂ ಸೇರಿಸಬೇಕು.